ಕುಂಪಣಿಯಿಂದ ಕಂಪನಿಗೆ

ಇಂಗ್ಲಿಷಿನ ‘ಕಂಪನಿ’ ಎಂಬ ಪದ ಕನ್ನಡದಲ್ಲಿ ಎಷ್ಟು ಒಗ್ಗಿಹೋಗಿದೆಯೆಂದರೆ, ಅದನ್ನು ಆಡುವವರಿಗೆ ಅದು ಹೊರಗಿನಿಂದ ಬಂದದ್ದೆಂಬ ಅರಿವೇ ಬಹುಮಟ್ಟಿಗೆ ಇರುವುದಿಲ್ಲ. ಬೆಂಗಳೂರಿನ ತಂತ್ರಾಂಶ ಉದ್ಯೋಗಿ ಬೆಳಗ್ಗೆ ಹೊರಡುವುದು ಕಂಪನಿಗೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಂಬು ಹೂಡುವುದು ನಾಟಕದ ಕಂಪನಿ. ಸೈನಿಕ ತನ್ನ ದಳವನ್ನು ಗುರುತಿಸುವುದು ಕಂಪನಿಯ ಹೆಸರಿನಿಂದ. ಒಬ್ಬನೇ ಸಿನಿಮಾಕ್ಕೆ ಹೋಗಲು ಬೇಸರಪಡುವವನು ಗೆಳೆಯನನ್ನು ಕೇಳುವುದು ಕಂಪನಿ ಕೊಡೆಂದು. ಈ ಅರ್ಥಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೂ ಇವೆ, ಆದರೆ ಅವು ಅಲ್ಲಿ ಬೆಳೆದ ಕ್ರಮ ಒಂದು, ಕನ್ನಡಕ್ಕೆ ಬಂದು ಸೇರಿದ ಕ್ರಮ ಇನ್ನೊಂದು. ಇಂಗ್ಲಿಷಿನಲ್ಲಿ ಜೊತೆಗಾರಿಕೆ, ಜನರ ಗುಂಪು ಎಂಬ ಅರ್ಥಗಳು ಹಳೆಯವು. ಕಸುಬುದಾರರ ಸಂಘ, ವ್ಯಾಪಾರದ ಮಂಡಳಿ ಎಂಬ ಅರ್ಥಗಳು ಆಮೇಲಿನವು. ಆ ಮಂಡಳಿಯೇ ದೇಶವೊಂದನ್ನು ಆಳುವ ಸರ್ಕಾರವಾದದ್ದು ಎಲ್ಲಕ್ಕಿಂತ ಈಚಿನದು. ಕನ್ನಡ ನಾಡಿನ ಜನಸಾಮಾನ್ಯರು ಕಂಪನಿಯನ್ನು ಮೊದಲು ಅರಿತದ್ದು ಸರ್ಕಾರವಾಗಿ. ಜೊತೆಗಾರಿಕೆಯ ಅರ್ಥ ಇಲ್ಲಿ ಹೆಚ್ಚುಕಡಿಮೆ ಕಟ್ಟಕಡೆಗೆ ಬಂತು. ಒಂದು ಭಾಷೆಗೆ ಪದವೊಂದು ಹೀಗೆ ತಲೆಕೆಳಗಾಗಿ ಬಂದಿಳಿಯಲು ಕಾರಣವಾದದ್ದು ನಾಡಿನ ರಾಜಕೀಯ ಚರಿತ್ರೆ.

ವರ್ತಕರು ಕೂಡಿ ಸಂಘ ಕಟ್ಟಿಕೊಳ್ಳುವುದು ಕನ್ನಡಿಗರಿಗೆ ಹೊಸತೇನಾಗಿರಲಿಲ್ಲ. ಐಹೊಳೆಯ ಹೆಸರಿನೊಂದಿಗೆ ಗುರುತಿಸಿಕೊಂಡಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕಸಂಘ ಶತಮಾನಗಳ ಕಾಲ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿತು. ತನ್ನ ಕಟ್ಟುಪಾಡುಗಳನ್ನು ವೀರಬಣಂಜು ಧರ್ಮವೆಂದು ಶಾಸನಗಳಲ್ಲಿ ಹೊಗಳಿಕೊಂಡಿತು. ಈ ಐನೂರ್ವರ ಹೆಸರಿರುವ 1088ರ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕಿದೆ. ಸರಕಿನ ಕಾವಲಿಗೆ ಆಯುಧ ಹಿಡಿದವರನ್ನು ಜೊತೆಗಿಟ್ಟುಕೊಂಡಿದ್ದರೂ ಈ ಸಂಘ ಅರಸೊತ್ತಿಗೆಗೆ ಕೈಚಾಚಲಿಲ್ಲ. ಅರಸರಿಂದ ಮನ್ನಣೆ ಪಡೆದು, ದೇಗುಲಗಳಿಗೆ ದತ್ತಿ ಬಿಟ್ಟು, ತನ್ನ ವ್ಯವಹಾರದ ಮಿತಿಯಲ್ಲೇ ಉಳಿಯಿತು. ಸಂಘ, ನಕರ, ಮಂಡಳಿಯಂಥ ಪದಗಳು ಕೈಯಳತೆಯಲ್ಲಿದ್ದರೂ ಇಂಗ್ಲಿಷ್ ವರ್ತಕರ ಕೂಟಕ್ಕೆ ಅವು ಯಾವುದೂ ಅಂಟಿಕೊಳ್ಳದೆ ಅದರ ಪರಭಾಷೆಯ ಹೆಸರೇ ನೆಲೆನಿಂತದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು: ಬಂದವರು ಐನೂರ್ವರ ಬಗೆಯ ಸೆಟ್ಟಿಗಳಾಗಿ ಉಳಿಯಲಿಲ್ಲ.

1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ನೀಡಿದ ಸನ್ನದಿನಿಂದ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ, ಲಂಡನ್ನಿನ ವರ್ತಕರು ಬಂಡವಾಳ ಕೂಡಿಹಾಕಿ ಮಾಡಿಕೊಂಡ ಸಂಸ್ಥೆ. ಆರಂಭದ ದಶಕಗಳಲ್ಲಿ ಆ ಬಂಡವಾಳವೂ ಕಾಯಮ್ಮಾಗಿರಲಿಲ್ಲ. ಒಂದು ಯಾನಕ್ಕೆ ಅಥವಾ ಕೆಲವು ವರ್ಷಗಳ ವ್ಯಾಪಾರಕ್ಕೆಂದು ಹಣ ಎತ್ತಿ, ಹಡಗುಗಳು ಮರಳಿ ಮೆಣಸು ಮಾರಾಟವಾದ ಮೇಲೆ ಅಸಲು ಲಾಭಗಳನ್ನು ಹಂಚಿಕೊಂಡು ಲೆಕ್ಕ ಮುಗಿಸುತ್ತಿದ್ದರು. ಬಂಡವಾಳವನ್ನು ಹಿಂದಿರುಗಿಸದೆ ಸಂಸ್ಥೆಯಲ್ಲೇ ಉಳಿಸಿಕೊಳ್ಳುವ ಪದ್ಧತಿ ಗಟ್ಟಿಯಾದದ್ದು 1657ರಲ್ಲಿ. ಕನ್ನಡ ಕರಾವಳಿಯಲ್ಲಿ ಇಂಗ್ಲಿಷರ ಮೊದಮೊದಲ ಕೋಠಿ, ಎಂದರೆ ಗುಮಾಸ್ತರು ನೆಲೆಸಿ ಸರಕು ಕೊಂಡು ಕೂಡಿಡುವ ಮನೆ, 1638ರಲ್ಲಿ ಕಾರವಾರದಲ್ಲಿ ತೆರೆಯಿತು. ಅದನ್ನು ತೆರೆದವರು ಈ ಕಂಪನಿಯವರಲ್ಲ, ಅವರ ಪ್ರತಿಸ್ಪರ್ಧಿಯಾಗಿದ್ದ ಕೋರ್ಟೀನ್ ಎಂಬಾತನ ಕೂಟದವರು. ಕೆಲವೇ ವರ್ಷಗಳಲ್ಲಿ ಆ ಕೂಟ ಸೋತು ಕಂಪನಿಯಲ್ಲಿ ಲೀನವಾಯಿತು. ಘಟ್ಟದ ಮೇಲಿನಿಂದ ಇಳಿದುಬರುತ್ತಿದ್ದ ಮೆಣಸು, ಹುಬ್ಬಳ್ಳಿ ಸೀಮೆಯ ನೇಕಾರರು ನೇಯ್ದ ತೆಳುವಾದ ಹತ್ತಿಬಟ್ಟೆ ಇಲ್ಲಿನ ಮುಖ್ಯ ಖರೀದಿ. 1665ರಲ್ಲಿ ಶಿವಾಜಿ ಕಾರವಾರದತ್ತ ಬಂದಾಗ ಕೋಠಿಯ ಇಂಗ್ಲಿಷರು ಉಳಿದ ವರ್ತಕರಂತೆಯೇ ಪಾಲು ತೆತ್ತು ಪಾರಾದರು. ಆ ಹೊತ್ತಿಗೆ ಅವರು ದಂಡ ತೆರುವ ಸ್ಥಿತಿಯಲ್ಲಿದ್ದರೇ ಹೊರತು ಕಂದಾಯ ಎತ್ತುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಒಂದೂಕಾಲು ಶತಮಾನದ ನಂತರ ಚಿತ್ರ ಪೂರ್ತಿ ಬದಲಾಗಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದ ನಾಲ್ಕು ಯುದ್ಧಗಳು ನಡೆದದ್ದು ಮೈಸೂರಿಗೂ ಕಂಪನಿಗೂ. 1784ರ ಮಂಗಳೂರು ಒಪ್ಪಂದಕ್ಕೆ ಟಿಪ್ಪುವಿನ ಎದುರು ಪಕ್ಷವಾಗಿ ನಿಂತದ್ದು ಕಂಪನಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಸೈನ್ಯದ ಖರ್ಚಿಗೆಂದು ವರ್ಷಕ್ಕೆ 7 ಲಕ್ಷ ವರಾಹಗಳ ಪೊಗದಿ ಗೊತ್ತುಮಾಡಿದ್ದೂ ಕಂಪನಿಯೇ. ಅದೇ ವರ್ಷ ಕೆನರಾ, 1818ರ ಹೊತ್ತಿಗೆ ಧಾರವಾಡದ ಸೀಮೆ, 1834ರಲ್ಲಿ ಕೊಡಗು ಅದರ ನೇರ ಆಳ್ವಿಕೆಗೆ ಸೇರಿದವು. ಹೀಗೆ ಪದವು ಹಳ್ಳಿಗಳನ್ನು ಹೊಕ್ಕದ್ದು ಶಾನುಭೋಗರ ಲೆಕ್ಕ, ಅಮಲ್ದಾರರ ಹುಕುಂ, ಕಂದಾಯದ ವಸೂಲಿಗಳ ಬೆನ್ನೇರಿ. ಜನರ ನಾಲಗೆಯಲ್ಲಿ ಅದು ‘ಕುಂಪಣಿ’ಯಾಯಿತು; ಅದಕ್ಕೆ ‘ಸರ್ಕಾರ’ ಸೇರಿ ಕುಂಪಣಿ ಸರ್ಕಾರವಾಯಿತು. ವ್ಯಕ್ತಿಗಳಿಗೆ ಸಲ್ಲುವ ಬಹುವಚನ ಹಚ್ಚಿ ‘ಕುಂಪಣಿಯವರು’ ಎನ್ನುವುದೂ ರೂಢಿಯಾಯಿತು. ಉತ್ತರದಲ್ಲಿ ‘ಕಂಪನಿ ಬಹದ್ದೂರ್’ ಎಂಬ ಬಿರುದು ಅದಕ್ಕೆ ಸಂದಿತ್ತು. ಷೇರುದಾರರ ಕೂಟವೊಂದನ್ನು ಹೀಗೆ ಬಿರುದಾಂಕಿತ ಒಡೆಯನಂತೆ ಕಂಡದ್ದು ಅಜ್ಞಾನವೆಂದು ಆ ಕಾಲದ ಕೆಲವು ಇಂಗ್ಲಿಷರು ನಗುತ್ತಿದ್ದುದುಂಟು. ಆದರೆ ದಂಡು, ನ್ಯಾಯಾಲಯ, ಟಂಕಸಾಲೆ ಮೂರನ್ನೂ ಕೈಯಲ್ಲಿಟ್ಟುಕೊಂಡ ಸಂಸ್ಥೆಯನ್ನು ಒಡೆಯನೆಂದು ಕರೆದವರ ತಿಳಿವಳಿಕೆಯಲ್ಲಿ ದೋಷ ಹುಡುಕುವುದು ಕಷ್ಟ.

ಈ ಹಂತದ ಅರ್ಥ ಅತ್ಯಂತ ಸ್ಪಷ್ಟವಾಗಿ ಉಳಿದಿರುವುದು ಉತ್ತರ ಕರ್ನಾಟಕದ ಲಾವಣಿಗಳಲ್ಲಿ. 1857ರಲ್ಲಿ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ಬಂದಾಗ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ತಮ್ಮ ಹತಾರಗಳನ್ನು ಒಪ್ಪಿಸಲು ನಿರಾಕರಿಸಿ ಬಂಡೆದ್ದರು; ಊರನ್ನೇ ಸುಟ್ಟು ದಂಗೆಯನ್ನು ಅಡಗಿಸಲಾಯಿತು. ಅವರ ಮೇಲೆ ಕಟ್ಟಿದ ಲಾವಣಿಯಲ್ಲಿ ಶತ್ರುವಿನ ಹೆಸರು ಕುಂಪಣಿ ಸರ್ಕಾರ. ಆ ಪದಕ್ಕೆ ಅಲ್ಲಿ ವ್ಯಾಪಾರದ ಸೋಂಕೂ ಇಲ್ಲ. ವಿಲಾಯಿತಿಯಿಂದ ಹುಕುಂ ಕಳಿಸಿ ಮನೆಯೊಳಗಿನ ಕತ್ತಿಯನ್ನು ಕಸಿಯುವ ದೂರದ ಅಧಿಕಾರವೆಂಬುದಷ್ಟೇ ಅದರ ಅರ್ಥ. ಮರುವರ್ಷ, 1858ರ ನವೆಂಬರ್ 1ರ ಘೋಷಣೆಯೊಂದಿಗೆ ಆಡಳಿತ ವಿಕ್ಟೋರಿಯಾ ರಾಣಿಯ ಹೆಸರಿಗೆ ಹೋಯಿತು. 1835ರಿಂದ ಏಕರೂಪವಾಗಿ ಚಲಾವಣೆಗೆ ಬಂದಿದ್ದ, ಒಂದು ಮಗ್ಗುಲಲ್ಲಿ ಇಂಗ್ಲೆಂಡಿನ ದೊರೆಯ ಮುಖವೂ ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ ಇದ್ದ ಬೆಳ್ಳಿಯ ‘ಕಂಪನಿ ರೂಪಾಯಿ’ಯ ಜಾಗಕ್ಕೆ ನಿಧಾನವಾಗಿ ರಾಣಿ ಛಾಪಿನ ರೂಪಾಯಿ ಬಂತು. ಆಳ್ವಿಕೆ ಕಳೆದುಕೊಂಡ ಕಂಪನಿ ಇನ್ನೂ ಕೆಲವು ವರ್ಷ ಲಾಭಾಂಶ ಹಂಚುವ ಕಾಗದದ ಸಂಸ್ಥೆಯಾಗಿ ಉಸಿರಾಡಿ 1874ರಲ್ಲಿ ವಿಸರ್ಜನೆಗೊಂಡಿತು.

ಸೈನ್ಯದ ಅರ್ಥವೂ ಇದೇ ಅವಧಿಯಲ್ಲಿ ಬಂದದ್ದು. ಸುಮಾರು ನೂರು ಸಿಪಾಯಿಗಳ ತುಕಡಿಯೊಂದಕ್ಕೆ ಕಂಪನಿಯೆಂದೂ ಅಂಥ ಹಲವು ಕಂಪನಿಗಳು ಸೇರಿದ ದೊಡ್ಡ ಘಟಕಕ್ಕೆ ಬೆಟಾಲಿಯನ್ನೆಂದೂ ಹೆಸರು. ಕಂಪನಿಯ ಸೈನ್ಯದಲ್ಲಿ ಕಂಪನಿಗಳಿದ್ದವೆಂಬ ಗೊಂದಲದಿಂದಲೋ ಏನೋ, ಜನಬಳಕೆಯಲ್ಲಿ ಈ ಅರ್ಥ ಹೆಚ್ಚು ಹರಡದೆ ದಂಡಿನವರ ನಡುವೆಯೇ ಉಳಿಯಿತು. ಸಾಮಾನ್ಯರು ‘ಪಟಾಲಂ’ ಎಂಬ ರೂಪದಲ್ಲಿ ದೊಡ್ಡ ಘಟಕದ ಹೆಸರನ್ನೇ ಎತ್ತಿಕೊಂಡರು. ಇಂದು ಯಾವನಾದರೂ ಪುಂಡನ ಹಿಂದೆ ತಿರುಗುವ ಹುಡುಗರ ಹಿಂಡಿಗೂ ಅದೇ ಮಾತು ಸಲ್ಲುತ್ತದೆ.

ಆಳುವ ಕಂಪನಿ ಮರೆಯಾಗುತ್ತಿದ್ದ ಹೊತ್ತಿಗೇ ಕಾನೂನಿನಲ್ಲಿ ಇನ್ನೊಂದು ಬಗೆಯ ಕಂಪನಿ ತಲೆಯೆತ್ತುತ್ತಿತ್ತು. ಕೂಡು ಬಂಡವಾಳದ ಸಂಸ್ಥೆಗಳ ನೋಂದಣಿಗೆ ಭಾರತದಲ್ಲಿ 1850ರಲ್ಲಿ ಮೊದಲ ಕಾಯಿದೆಯಾಯಿತು. 1857ರಲ್ಲಿ ಮಿತ ಹೊಣೆಗಾರಿಕೆಯ ತತ್ತ್ವ ಬಂತು. ಸಂಸ್ಥೆ ಮುಳುಗಿದರೆ ಷೇರುದಾರನು ಕಳೆದುಕೊಳ್ಳುವುದು ತಾನು ಹೂಡಿದ ಹಣವನ್ನು ಮಾತ್ರ, ಸಾಲ ಕೊಟ್ಟವರು ಅವನ ಮನೆ ಹೊಲಗಳ ಮೇಲೆ ಬರುವಂತಿಲ್ಲ ಎಂಬುದು ಇದರ ಸಾರ. ‘ಲಿಮಿಟೆಡ್’ ಎಂದು ಹೆಸರಿನ ಕೊನೆಗೆ ಬರೆದುಕೊಳ್ಳುವ ನಿಯಮ ಬಂದದ್ದು ಇಂಥ ಸಂಸ್ಥೆಗೆ ಸಾಲ ಕೊಡುವವರು ಎಚ್ಚರದಿಂದಿರಲೆಂದು. ಈಗ ಕನ್ನಡ ಫಲಕಗಳಲ್ಲಿ ಕಾಣುವ ‘ನಿಯಮಿತ’ ಅದರದೇ ಅನುವಾದ. ಎಚ್ಚರಿಕೆಯ ಮಾತಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಘನತೆಯ ಮಾತಾಯಿತು. ಪೇಟೆಬೀದಿಗಳಲ್ಲಿ ಇಬ್ಬರು ಅಣ್ಣತಮ್ಮಂದಿರ ಬಟ್ಟೆಯಂಗಡಿಯೂ ಹೆಸರಿಗೆ ‘ಅಂಡ್ ಕೋ’ ಎಂಬ ಬಾಲ ಹಚ್ಚಿಕೊಂಡದ್ದು ಆ ಘನತೆಯ ಆಸೆಯಿಂದಲೇ. ಕಾನೂನಿನ ದೃಷ್ಟಿಯಲ್ಲಿ ಅಂಥದ್ದು ಬರೀ ಪಾಲುದಾರಿಕೆ, ಕಂಪನಿಯಲ್ಲ. 2013ರ ಕಾಯಿದೆಯಂತೂ ಒಬ್ಬನೇ ಸದಸ್ಯನಿರುವ ‘ಏಕವ್ಯಕ್ತಿ ಕಂಪನಿ’ಗೂ ಎಡೆಮಾಡಿಕೊಟ್ಟಿದೆ.

ಮೈಸೂರು ಸಂಸ್ಥಾನದಲ್ಲಿ ಈ ಹೊಸ ಬಗೆಯ ಕಂಪನಿಯ ಮುಖವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಕೋಲಾರದ ಚಿನ್ನದ ಗಣಿಗಳು. ಮೈಖೇಲ್ ಲಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಪಡೆದ ಪರವಾನಗಿ ಕೈಯಿಂದ ಕೈಗೆ ದಾಟಿ, 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ಹೊರಗಿನವರ ಕಣ್ಣಿಗೆ ಒಂದೇ ಗಣಿಯಂತೆ ತೋರುವ ಆ ನೆಲವು ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮೊದಲಾದ ಬೇರೆಬೇರೆ ಕಂಪನಿಗಳ ನಡುವೆ ಹಂಚಿಹೋಗಿತ್ತು. ಎಲ್ಲಕ್ಕೂ ಮೇಲ್ವಿಚಾರಣೆ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯದು. ಸಂಸ್ಥಾನಕ್ಕೆ ಬರುತ್ತಿದ್ದುದು ರಾಜಧನ, ಲಾಭಾಂಶ ಸೇರುತ್ತಿದ್ದುದು ಸಮುದ್ರದಾಚೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರಾರು ಕಂಬಗಳ ಮೇಲೆ ಸುಮಾರು 147 ಕಿಲೋಮೀಟರ್ ಹರಿದು ಮೊದಲು ತಲುಪಿದ್ದು ಈ ಗಣಿಗಳನ್ನೇ. ಗಣಿಯ ಕಾರ್ಮಿಕನಿಗೆ ಕಂಪನಿಯೆಂದರೆ ಕೂಲಿ ಕೊಡುವ ಧಣಿ, ವಾಸಕ್ಕೆ ಸಾಲುಮನೆ ಕೊಡುವ ಮನೆಯೊಡೆಯ, ಕಾಯಿಲೆಯಾದರೆ ಆಸ್ಪತ್ರೆ, ತಪ್ಪಿದರೆ ದಂಡ. ಆಳುವ ಕುಂಪಣಿಯ ನೆರಳು ಇಲ್ಲಿ ಇನ್ನೂ ಪೂರ್ತಿ ಸರಿದಿರಲಿಲ್ಲವೆಂದೇ ಹೇಳಬೇಕು.

ಪದಕ್ಕೆ ಪ್ರೀತಿ ಅಂಟಿದ್ದು ರಂಗಭೂಮಿಯಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿಯ ಮರಾಠಿ ಮಂಡಳಿಗಳೂ ಮುಂಬಯಿಯ ಪಾರ್ಸಿ ತಂಡಗಳೂ ಕನ್ನಡದ ಊರುಗಳಲ್ಲಿ ಟಿಕೀಟು ಹಚ್ಚಿ ನಾಟಕವಾಡಿದವು. ಹಣ ಹೂಡುವ ಯಜಮಾನ, ಸಂಬಳಕ್ಕೆ ದುಡಿಯುವ ನಟರು, ದಿನದಿನದ ಗಲ್ಲಾಪೆಟ್ಟಿಗೆಯ ಲೆಕ್ಕ ಎಂಬ ಈ ವ್ಯವಸ್ಥೆ ಬಯಲಾಟ, ಯಕ್ಷಗಾನಗಳ ನಾಡಿಗೆ ಹೊಸತು. ಗದುಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡದ್ದೇ ಮಂಡಳಿಯೊಂದನ್ನು ಹುಟ್ಟುಹಾಕಿದರು. 1880ರ ಸುಮಾರಿಗೆ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಆರಂಭವಾಗಿ ಬಸವಪ್ಪ ಶಾಸ್ತ್ರಿಗಳ ಶಾಕುಂತಲವನ್ನು ರಂಗಕ್ಕೆ ತಂದಿತು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಕುತೂಹಲದ ಸಂಗತಿಯೆಂದರೆ, ಇವುಗಳ ಅಧಿಕೃತ ಹೆಸರುಗಳಲ್ಲಿರುವುದು ಸಭಾ, ಸಂಘ, ಮಂಡಳಿ ಎಂಬ ಪದಗಳು. ಗರುಡ ಸದಾಶಿವರಾಯರದು ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರದು ಕಲಾವೈಭವ ನಾಟ್ಯ ಸಂಘ. ಆದರೂ ಜನ ಕರೆದದ್ದು ಗುಬ್ಬಿ ಕಂಪನಿ, ಗರುಡರ ಕಂಪನಿ, ಬಾಳಪ್ಪನವರ ಕಂಪನಿ ಎಂದೇ. ವರ್ತಕರ ಕೂಟಕ್ಕೆ ಸಲ್ಲದೆ ಹೋದ ಸಂಘ ಎಂಬ ಮಾತು ಇಲ್ಲಿ ಫಲಕದ ಮೇಲೆ ಸಿಕ್ಕರೂ ನಾಲಗೆಯ ಮೇಲೆ ಸೋತಿತು.

ಕಂಪನಿಯೊಂದು ಊರಿಗೆ ಬರುವುದೆಂದರೆ ಗೂಡ್ಸ್ ರೈಲಿನಲ್ಲೋ ಲಾರಿಗಳಲ್ಲೋ ಬೀದಿ, ಕಾಡು, ದರ್ಬಾರುಗಳ ಪರದೆಗಳು, ಕಿರೀಟ ಗದೆಗಳ ಟ್ರಂಕುಗಳು, ಲೆಗ್ ಹಾರ್ಮೋನಿಯಂ, ತಗಡಿನ ಹಾಳೆ, ಬೊಂಬು, ಬೆಂಚುಗಳೊಂದಿಗೆ ಒಂದು ಸಣ್ಣ ಊರೇ ಬಂದಿಳಿದಂತೆ. ಬಯಲಿನಲ್ಲಿ ಥಿಯೇಟರು ಕಟ್ಟಿ ತಿಂಗಳುಗಟ್ಟಲೆ ‘ಕ್ಯಾಂಪ್’ ಮಾಡುತ್ತಿದ್ದರು; ಬಾಡಿಗೆಗೆ ಹಿಡಿದ ಒಂದು ದೊಡ್ಡ ಮನೆ ‘ಕಂಪನಿ ಮನೆ’ಯಾಗುತ್ತಿತ್ತು. ಮಳೆ ಹಿಡಿದು ಆಟ ನಿಂತರೂ, ಗಲ್ಲಾಪೆಟ್ಟಿಗೆ ಬರಿದಾಗಿ ಪಗಾರ ಬಾಕಿ ಬಿದ್ದರೂ ಅಲ್ಲಿನ ಒಲೆ ಆರುವಂತಿರಲಿಲ್ಲ. ನಾಯಕ ನಟ, ಹಾರ್ಮೋನಿಯಂ ಮಾಸ್ತರು, ಪರದೆ ಎಳೆಯುವವನು, ಬಾಲಪಾತ್ರದ ಹುಡುಗ ಎಲ್ಲರಿಗೂ ಒಂದೇ ಅಡುಗೆಮನೆಯ ಅನ್ನ. ‘ಕಂಪನಿ’ಯ ಮೂಲವಾದ ಲ್ಯಾಟಿನ್ ಪದದಲ್ಲಿ ಕೂಡಿ ಎಂಬರ್ಥದ ‘ಕಂ’, ರೊಟ್ಟಿ ಎಂಬರ್ಥದ ‘ಪಾನಿಸ್’ ಎರಡೂ ಸೇರಿದ್ದು, ಒಂದೇ ರೊಟ್ಟಿಯನ್ನು ಹಂಚಿ ಉಣ್ಣುವವರೆಂಬುದು ಅದರ ತಾತ್ಪರ್ಯ. ಲಂಡನ್ನಿನ ಷೇರುಪೇಟೆಯಲ್ಲಿ ಎಂದೋ ಕಳೆದುಹೋಗಿದ್ದ ಆ ತಾತ್ಪರ್ಯ, ವ್ಯುತ್ಪತ್ತಿಯ ಗೊಡವೆಯೇ ಇಲ್ಲದ ಕನ್ನಡ ನಟರ ಪಂಕ್ತಿಯಲ್ಲಿ ಅಕ್ಷರಶಃ ನಡೆದಿತ್ತು. ಹಾಗೆಂದು ಇದನ್ನು ಸಮಾನರ ಕೂಟವೆಂದು ಬಣ್ಣಿಸುವುದು ತಪ್ಪಾದೀತು: ಯಜಮಾನರ ಮಾತೇ ಕೊನೆ, ಹುಡುಗರಿಗೆ ಕಲಿಕೆಯ ಹೆಸರಿನಲ್ಲಿ ಪೆಟ್ಟೂ ಇತ್ತು, ಒಳ್ಳೆಯ ಕಂಠದ ನಟನನ್ನು ಮತ್ತೊಂದು ಕಂಪನಿ ಹೆಚ್ಚಿನ ಪಗಾರದ ಆಸೆ ತೋರಿಸಿ ಎಳೆದುಕೊಳ್ಳುವುದೂ ಇತ್ತು. ಗುಬ್ಬಿ ಕಂಪನಿಯ ಯಜಮಾನ ವೀರಣ್ಣನವರ ಕಾಲದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ದ ವೈಭವ, ಮುಂದೆ ಚಿತ್ರರಂಗವನ್ನು ಆಳಿದ ರಾಜಕುಮಾರ್, ಆಧುನಿಕ ರಂಗಭೂಮಿಯ ಬಿ.ವಿ. ಕಾರಂತ ಇವರ ಎಳವೆಯ ಶಿಕ್ಷಣ, ಎಲ್ಲವೂ ನಡೆದದ್ದು ಈ ಕಟ್ಟುನಿಟ್ಟಿನೊಳಗೇ.

1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ ಮೇಲೆ, ಹೊಟ್ಟೆಪಾಡಿಗಲ್ಲದೆ ಹವ್ಯಾಸಕ್ಕೆ ಆಡುವ ವಿದ್ಯಾವಂತರ ರಂಗಭೂಮಿಯೊಂದು ಬೇರೆಯಾಗಿ ಬೆಳೆಯಿತು. ಆಗ ‘ಕಂಪನಿ ನಾಟಕ’ ಎಂಬುದು ಒಂದು ಶೈಲಿಯ ಹೆಸರಾಯಿತು. ಒನ್ಸ್‌ಮೋರ್ ಕೂಗಿಗೆ ಸತ್ತ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುವ ಅತಿಯನ್ನು ಹೀಗಳೆಯಲು ಹವ್ಯಾಸಿಗಳು ಆ ಮಾತನ್ನು ಬಳಸಿದರು. ಇಂದಿಗೂ ‘ಕಂಪನಿ ನಾಟಕದ ಹಾಗೆ’ ಎಂದರೆ ಅಬ್ಬರದ ಮಾತು, ಢಾಳಾದ ಬಣ್ಣ ಎಂದೇ ಅರ್ಥ.

ಜೊತೆಗಾರಿಕೆಯ ಅರ್ಥ ಕನ್ನಡಕ್ಕೆ ಹೊಕ್ಕದ್ದು ಇಂಗ್ಲಿಷ್ ಓದಿದವರ ಮಾತಿನ ಮೂಲಕ, ಇವೆಲ್ಲಕ್ಕಿಂತ ಈಚೆಗೆ. ಇಂಗ್ಲಿಷಿನವರ ನುಡಿಗಟ್ಟಿನಲ್ಲಿ ಕಂಪನಿಯನ್ನು ‘ಇಟ್ಟುಕೊಳ್ಳುವುದು’ ವಾಡಿಕೆ. ಭಾರತದವರು ಅದನ್ನು ‘ಕೊಡು’ತ್ತಾರೆ. ಕನ್ನಡದಲ್ಲಿ ಆಗಲೇ ‘ಸಾಥ್ ಕೊಡು’ ಎಂಬ ಬಳಕೆ ಇದ್ದದ್ದರಿಂದ ಹೊಸ ಪದ ಆ ಅಚ್ಚಿನಲ್ಲೇ ಕೂತಿತು. ಇದರ ವ್ಯಾಪ್ತಿ ಕಿರಿದು: ಸಿನಿಮಾ, ಕಾಫಿ, ವಾಕಿಂಗು, ಬಹುವಾಗಿ ಗಂಡಸರ ಗುಂಡುಪಾರ್ಟಿ. ತಾನು ಕುಡಿಯುವವನಲ್ಲ, ಬರೀ ಕಂಪನಿ ಕೊಡಲು ಬಂದವನೆಂಬ ಸಮಜಾಯಿಷಿ ಕನ್ನಡದ ಮನೆಗಳಲ್ಲಿ ಚಿರಪರಿಚಿತ. ಆಸ್ಪತ್ರೆಗೋ ಸಾವಿನ ಮನೆಗೋ ಹೋಗುವಾಗ ಯಾರೂ ಕಂಪನಿ ಕೇಳುವುದಿಲ್ಲ. ಅಲ್ಲಿಗೆ ಜೊತೆಗೇ ಬರಬೇಕು.

ಉದ್ಯೋಗದ ಸ್ಥಳವೆಂಬ ಅರ್ಥವೂ ಎಲ್ಲೆಡೆ ಒಂದೇ ತೆರನಾಗಿ ಹರಡಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಸ್ಥಾಪನೆಯಾದವು. ಕಾನೂನಿನ ಪ್ರಕಾರ ಎಲ್ಲವೂ ಲಿಮಿಟೆಡ್ ಕಂಪನಿಗಳೇ ಆಗಿದ್ದರೂ, ಕಾಯಂ ನೌಕರಿ, ಕ್ವಾರ್ಟರ್ಸು, ಸಬ್ಸಿಡಿ ಕ್ಯಾಂಟೀನುಗಳ ಆ ಲೋಕವನ್ನು ಜನ ‘ಕಾರ್ಖಾನೆ’, ‘ಫ್ಯಾಕ್ಟರಿ’ ಎಂದು ಕರೆದರು. ಕಂಪನಿಯೆಂಬ ಮಾತು ಯಾವಾಗ ಬೇಕಾದರೂ ಕೆಲಸದಿಂದ ತೆಗೆಯಬಲ್ಲ ಖಾಸಗಿಯವರಿಗೆ ಮೀಸಲಾಗಿತ್ತು, ಹೆಣ್ಣು ಕೊಡುವವರು ಕಾರ್ಖಾನೆಯ ವರನಿಗೇ ಹೆಚ್ಚು ಒಲಿಯುತ್ತಿದ್ದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಮೇಲೆ ಬೆಳೆದ ತಂತ್ರಾಂಶೋದ್ಯಮ ಈ ತಾರತಮ್ಯವನ್ನು ಒಂದೇ ತಲೆಮಾರಿನಲ್ಲಿ ತಿರುವುಮುರುವು ಮಾಡಿತು.

ಇಂಗ್ಲಿಷಿನಲ್ಲಿ ಇಲ್ಲದೆ ಇಲ್ಲಿಯೇ ಕುದುರಿದ ಅರ್ಥವೊಂದು ಉಳಿದಿದೆ. ಅಂಗಡಿ, ಗ್ಯಾರೇಜುಗಳಲ್ಲಿ ‘ಕಂಪನಿ’ ಒಂದು ಗುಣವಾಚಕ: ಹೆಸರಾಂತ ತಯಾರಕರ ಮುದ್ರೆಯಿರುವ, ಕೆಟ್ಟರೆ ಕೇಳುವವರಿರುವ, ಅಸಲಿ ಸರಕು ಎಂದು ಅದರ ಅರ್ಥ. ಇದಕ್ಕೆ ವಿರುದ್ಧವಾದದ್ದು ‘ಲೋಕಲ್’ ಅಥವಾ ‘ಡೂಪ್ಲಿಕೇಟ್’. ಮಿಕ್ಸರಿನ ಜಾರು, ಪಂಪ್‌ಸೆಟ್ಟಿನ ಮೋಟಾರು, ಮೊಬೈಲಿನ ಚಾರ್ಜರು, ಯಾವುದನ್ನೇ ಕೊಳ್ಳಹೋದರೂ ಮೊದಲು ತೀರ್ಮಾನವಾಗಬೇಕಾದದ್ದು ಇದೇ. ದೇಶೀಯ ನೇಕಾರರ ಮಗ್ಗಗಳು ವಿಲಾಯಿತಿ ಬಟ್ಟೆಯೆದುರು ಸೋತ ನಾಡಿನಲ್ಲಿ, ಊರಿನಲ್ಲೇ ತಯಾರಾದದ್ದು ಕಳಪೆಯೆಂದೂ ಕಂಪನಿಯದು ನಂಬಿಕೆಗೆ ಅರ್ಹವೆಂದೂ ಮಾತು ಬೆಳೆದದ್ದು ಅಷ್ಟೇನೂ ಮುಗ್ಧ ಸಂಗತಿಯಲ್ಲ. ಹೀಗಿದ್ದರೂ ಬೈಕಿನ ಬ್ರೇಕ್ ಶೂ ಬದಲಿಸುವ ಮೆಕ್ಯಾನಿಕ್ಕು ‘ಕಂಪನಿದು ಹಾಕ್ಲಾ, ಲೋಕಲ್ ಸಾಕಾ ಸಾರ್?’ ಎಂದು ಕೇಳಿ ಎರಡರ ರೇಟನ್ನೂ ಹೇಳಿದಾಗ, ಗಿರಾಕಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಹಲವು ಸಲ ಲೋಕಲ್ಲನ್ನೇ ಹಾಕಿಸಿಕೊಳ್ಳುತ್ತಾನೆ.